ಟೈಪಿಂಗ್ ಸೆಂಟರಿನ ಕಾಕನ ಚುನಾವಣೆ

ಅವರ ಎರಡೂ ತೋರುಬೆರಳುಗಳ ತುದಿ ಚಪ್ಪಟೆಯಾಗಿತ್ತು. ಉಳಿದ ಬೆರಳುಗಳನ್ನು ಮಡಚಿಕೊಂಡು, ಆ ಎರಡರಿಂದಲೇ ಇಪ್ಪತ್ತಾರು ವರ್ಷ ಅರಬ್ಬಿ ಅರ್ಜಿಗಳನ್ನು ಕುಟ್ಟಿದವರು. ಗಲ್ಫಿನಲ್ಲಿ ನಾವಿದ್ದ ನಗರದ ಅಲ್ ಹಿಲಾಲ್ ಬಡಾವಣೆಯಲ್ಲಿ ಅವರದೊಂದು ಟೈಪಿಂಗ್ ಸೆಂಟರ್. ಉಳ್ಳಾಲದ ಕಡೆಯ ಬ್ಯಾರಿ, ನಮಗೆಲ್ಲ ಕಾಕ. ಚಹಾ ತಣ್ಣಗಾದ ಮೇಲೆಯೇ ಕುಡಿಯುತ್ತಿದ್ದರು. ಅರ್ಜಿ ತುಂಬುವಾಗ ತಡವರಿಸುವವರನ್ನು, "ನಿಮ್ಮ ಹೆಸರಾದ್ರೂ ಗ್ಯಾರಂಟಿ ಉಂಟಾ?" ಎಂದು ಕೇಳುತ್ತಿದ್ದರು.

ಊರಿನವರು ಯಾರಾದರೂ ಇಲ್ಲಿ ತೀರಿಕೊಂಡರೆ ಅಂಗಡಿಗೆ ಬೀಗ ಹಾಕಿ ಕಾಗದಪತ್ರಗಳ ಹಿಂದೆ ಓಡುವವರೂ ಅವರೇ. ನನ್ನ ಅಪ್ಪ ತೀರಿಕೊಂಡಾಗ ಆರು ದಿನ ಓಡಿ ದೇಹವನ್ನು ಉಡುಪಿಗೆ ಕಳಿಸಿದರು. ಡೈರಿಯಲ್ಲಿ ಬರೆದಿಟ್ಟಿದ್ದೇನೆ: ಒಂಬತ್ತು ಕೌಂಟರ್, ಎಲ್ಲ ಕಡೆಯೂ ಒಂದೇ ಪ್ರಶ್ನೆ, ನೀವು ಮೃತರಿಗೆ ಏನಾಗಬೇಕು? ಇಲ್ಲಿನ ನಮ್ಮ ಕರಾವಳಿಯವರ ಸಂಘದ ಕಾರ್ಯದರ್ಶಿಯ ಸಹಿಯಿದ್ದ ಪತ್ರವಿದ್ದರೆ ಆ ಪ್ರಶ್ನೆ ಬರುತ್ತಿರಲಿಲ್ಲ. ಪ್ರತಿ ಸಾವಿಗೂ ಆ ಸಹಿ ಬೇಡಿ ಸಾಕಾಗಿ, ಕಾಕ ತಾವೇ ಕಾರ್ಯದರ್ಶಿ ಸ್ಥಾನಕ್ಕೆ ನಿಂತರು.

ಮತದಾರರ ಪಟ್ಟಿ ಮಾಡುವ ಕೆಲಸ ನನ್ನದು. "ಹೆಸರು ಬರಿ, ಫೋನ್ ನಂಬರ್ ಬರಿ. ಯಾರು ಯಾವ ಜನ ಅಂತ ಬರಿಯುದು ಬೇಡ ಮಗಳೇ," ಎಂದಿದ್ದರು ಕಾಕ. ವಿಂಗಡಿಸದೆ ಬರೆದು ನನಗೆ ಅಭ್ಯಾಸವಿಲ್ಲ. ತುಳು, ಕೊಂಕಣಿ, ಬ್ಯಾರಿ, ಇತರೆ ಎಂದು ನಾಲ್ಕು ಕಾಲಂ ಎಳೆದೆ. ಉಮ್ಮ್ ಸಲಾಲ್‌ನಿಂದ ಮೆಸಯೀದ್‌ವರೆಗೆ ಹತ್ತು ಶುಕ್ರವಾರ ಸುತ್ತಿದೆ. ಬೆಂಬಲಿಸುತ್ತೇವೆ ಎಂದವರ ಹೆಸರಿಗೆ ಗುರುತು ಹಾಕಿದೆ.

ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ನಮ್ಮದೇ ಪ್ಯಾನೆಲ್ಲಿನ ಮುಖಂಡರು, ಮತದಾರರಿಗೆ ಕಾರು ಕಳಿಸಬೇಕು, ಪಟ್ಟಿ ಕೊಡು ಎಂದರು. ಫೋಟೋ ತೆಗೆದು ಕಳಿಸಿದೆ. ಅವರು ಎದುರು ಪಕ್ಷದವರೊಂದಿಗೆ ಒಳಗೊಳಗೇ ಮಾತಾಡಿಕೊಂಡಿದ್ದರು: ನಿಮ್ಮವರು ನನ್ನನ್ನು ಅಧ್ಯಕ್ಷನನ್ನಾಗಿ ಮಾಡಲಿ, ಕಾರ್ಯದರ್ಶಿ ಸ್ಥಾನ ನಿಮ್ಮ ಅಭ್ಯರ್ಥಿಗೆ ಬಿಡುತ್ತೇನೆ. ಆ ಅಭ್ಯರ್ಥಿ ನಮ್ಮ ಹಾಗೆಯೇ ಕೊಂಕಣಿಯವನು, ನಮ್ಮ ಚರ್ಚಿನವನು. ಮುಖಂಡರು ನನ್ನ ಪಟ್ಟಿ ಹಿಡಿದು ಕಾಲಂಗೊಂದು ಮಾತು ಹಂಚಿದರು. ಕೊಂಕಣಿಯವರಿಗೆ, ಕಾರ್ಯದರ್ಶಿ ನಮ್ಮವನೇ ಆಗಲಿ. ತುಳುವರಿಗೆ, ಅಧ್ಯಕ್ಷತೆ ನಮಗೆ ಉಳಿದರೆ ಸಾಕು. ಬ್ಯಾರಿಗಳಿಗೆ, ಬೇರೆಯವರ ಹೆಣ ಹೊತ್ತು ತಿರುಗುವವ ನಮಗೆ ಏನು ಮಾಡಿದ್ದಾನೆ? ಇತರೆ ಕಾಲಮ್ಮಿನವರಿಗೆ ಯಾರೂ ಫೋನು ಮಾಡಲಿಲ್ಲ, ಕಾರೂ ಹೋಗಲಿಲ್ಲ.

ಮತ ಎಣಿಕೆಯಲ್ಲಿ ನನ್ನ ಮೇಜಿಗೆ ಬಂದ ಡಬ್ಬದ ಮತದಾರರಲ್ಲಿ, ಕಾಕನಿಗೆಂದು ನನ್ನ ಪಟ್ಟಿಯಲ್ಲಿ ಗುರುತು ಹಾಕಿದ್ದ ಹೆಸರುಗಳು ಐವತ್ತೊಂದು. ಡಬ್ಬದಿಂದ ಅವರಿಗೆ ಬಂದ ಮತ ಹತ್ತೊಂಬತ್ತು. ಎರಡು ಸಲ ಎಣಿಸಿದೆ. ಕಾಕ ಸೋತರು.

ವಾಪಸು ಬರುವಾಗ ಕಾರಿನಲ್ಲಿ ಅಮ್ಮ ತಾನಾಗಿಯೇ ಹೇಳಿದಳು: "ಫೋನು ನನಗೂ ಬಂದಿತ್ತು. ನಮ್ಮವನಿಗೇ ಹಾಕಿದೆ. ನಾಳೆ ಚರ್ಚಿಗೆ ನಾನೇ ಅಲ್ವಾ ಹೋಗಬೇಕಾದ್ದು?"

ಮಾರನೆಯ ದಿನ ಅಂಗಡಿಗೆ ಹೋದೆ. ಕಾಕನ ಮೊಬೈಲಿನಲ್ಲಿ ನನ್ನ ಪಟ್ಟಿಯ ಫೋಟೋ ತೆರೆದಿತ್ತು; ಯಾರೋ ಅವರಿಗೂ ಕಳಿಸಿದ್ದರು. ಅದನ್ನು ನನ್ನ ಕಡೆ ತಿರುಗಿಸಿದರು.

"ಈ ಗೆರೆ ಎಳೆದದ್ದು ನೀನಾ?"

ಹೌದು ಎಂದೆ.

"ಅಕ್ಷರ ಚಂದ ಉಂಟು," ಎಂದು ಹೇಳಿ, ಕಾಯುತ್ತಿದ್ದ ಗಿರಾಕಿಯ ಅರ್ಜಿಗೆ ಕೈ ಹಾಕಿದರು. ಆಮೇಲೆ ನನ್ನ ಹತ್ತಿರ ಕೆಲಸದ ಮಾತನ್ನಷ್ಟೇ ಆಡಿದರು.

ಮೂರು ತಿಂಗಳಿಗೆ ಮೆಸಯೀದ್‌ನಲ್ಲಿ ಬಂಟ್ವಾಳದ ವೆಲ್ಡರ್ ಒಬ್ಬ ತೀರಿಕೊಂಡ. ಹೊಸ ಕಾರ್ಯದರ್ಶಿ ರಜೆಯ ಮೇಲೆ ಊರಿಗೆ ಹೋಗಿದ್ದ. ಅವನ ಸಹಿ ಬರಲು ಹದಿಮೂರು ದಿನ ಹಿಡಿಯಿತು. ಆ ಹದಿಮೂರು ದಿನವೂ ಕಾಕ ಬೆಳಿಗ್ಗೆ ಶವಾಗಾರದ ಹೊರಗೆ ಹೋಗಿ ಕುಳಿತು ಬರುತ್ತಿದ್ದರು.

ಮರುವರ್ಷ ರಂಜಾನಿಗೆ ಮುಂಚೆ ಕಾಕ ಹೃದಯಾಘಾತದಿಂದ ಹೋದರು. ನಾನೂ ಅಮ್ಮನೂ ಅವರ ಮನೆಗೆ ಹೋದೆವು. ಅವರ ಹೆಂಡತಿ ಅಮ್ಮನ ಕೈ ಹಿಡಿದುಕೊಂಡು ಕೂತರು.

"ಬಾಯಮ್ಮ, ಯಾರು ಕೈ ಬಿಟ್ಟರೂ ನಿಮ್ಮ ಮನೆಯ ಎರಡು ವೋಟು ನನಗೇ ಬಿದ್ದಿದೆ ಅಂತ ಇವರು ಹೇಳ್ತಾ ಇದ್ದರು."

"ಹೌದು," ಎಂದಳು ಅಮ್ಮ.

ಅವರು ಕೊಟ್ಟ ಚಹಾವನ್ನು ನಾನು ಕುಡಿದೆ.