ರಾಜನೆದುರು ನಿಲ್ಲುವ ಪಾತ್ರ

ಇಂಗ್ಲಿಷ್ ಪದ್ಯ ಓದುವಾಗ ಅವರ ಹಣೆಯ ವಿಭೂತಿ ಬಿರುಕು ಬಿಡುತ್ತಿತ್ತು. ಪುಡಿ ಪುಟದ ಮೇಲೆ ಉದುರಿದರೆ ಉಫ್ ಎಂದು ಊದಿ ಮುಂದಿನ ಸಾಲಿಗೆ ಹೋಗುತ್ತಿದ್ದರು. ಎಪ್ಪತ್ತರ ದಶಕ, ಬಳ್ಳಾರಿಯ ಕಾಲೇಜು. ಅವರು ನಮ್ಮ ಇಂಗ್ಲಿಷ್ ಮೇಷ್ಟ್ರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಹಳೆಯ ಇಂಗ್ಲಿಷ್ ಕವಿಯೊಬ್ಬನ ನಾಟಕಗಳ ರಾಜರನ್ನು ಅವರು ವಿವರಿಸುತ್ತಿರಲಿಲ್ಲ, ನಮ್ಮಿಂದ ಆಡಿಸುತ್ತಿದ್ದರು. ಅದಕ್ಕೊಂದು ನಿಯಮ: ಊರಲ್ಲಿ ಯಾರ ಮನೆಯ ಮಾತು ನಡೆಯುತ್ತದೋ ಅವರು ತರಗತಿಯಲ್ಲಿ ಆಳು. ನಮ್ಮದು ಸಿರುಗುಪ್ಪದ ಗೌಡರ ಮನೆ. ನಮ್ಮ ಗದ್ದೆಗೆ ನಾಟಿ ಹಚ್ಚಲು ಬರುತ್ತಿದ್ದವಳ ಮಗ ರಾಜನಾಗಿ ಮೇಷ್ಟ್ರ ಕುರ್ಚಿಯಲ್ಲಿ ಕೂತ. ಅವನ ಮಾತು ಮುಗಿಯುವವರೆಗೆ ನಾನು ಕೈಕಟ್ಟಿ ನಿಂತು ಕೇಳಬೇಕು.

ಶನಿವಾರ ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದ. ಸೋಮವಾರ ತರಗತಿಗೇ ಬಂದ.

"ನಮ್ಮ ಹುಡುಗನ್ನ ಆಳು ಮಾಡೀರಂತಲ್ಲ ಮೇಷ್ಟ್ರೆ?"

"ಹೌದ್ರಿ ಗೌಡ್ರ. ಅವಗ ಹೇಳಾಕ ಬರ್ತೈತಿ, ಕೇಳಾಕ ಬರಂಗಿಲ್ಲ."

"ಬಿಳಿ ಮಂದಿ ಹೋಗಿ ಎಷ್ಟು ವರ್ಷ ಆತು, ಇನ್ನೂ ಅವ್ರ ರಾಜರ ಪುರಾಣ ಯಾಕ?"

"ರಾಜರ ಹೊಟ್ಟ್ಯಾಗಿನ ಅಂಜಿಕಿ ಬರ್ದಾನ್ರಿ ಆ ಕವಿ. ಅದು ಸಿರುಗುಪ್ಪದಾಗೂ ಐತಿ."

ಹಿಂದಿನ ಬೆಂಚು ನಕ್ಕಿತು. ಅಪ್ಪನ ಮುಖ ಕೆಂಪಾಯಿತು. "ನಿಮ್ಮ ಅಂಜಿಕಿ ಎಲ್ಲೈತಿ ಮತ್ತ?"

"ನಿಮ್ಮ ಕೈಯಾಗ ಐತ್ರಿ. ಮುಂದಿನ ತಿಂಗಳು ನನ್ನ ನೌಕರಿ ಮಾತು ಬರ್ತೈತಲ್ಲ."

ಆಮೇಲೆ ನನ್ನತ್ತ ತಿರುಗಿ, "ಏನ್ಲೇ, ಆಟ ಮುಂದುವರಸಾಣೇನು?" ಎಂದರು.

ನಾನು ಅಲ್ಲೇ ಗಟ್ಟಿಯಾಗಿ ನಿಂತೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ನೆನಪಿನಂತೆಯೇ ಆಗಿದೆ. ನಿಜವಾಗಿ ನಾನು ಅಪ್ಪನ ಹಿಂದೆ ಹೊರಗೆ ನಡೆದೆ.

ಅವರ ನೌಕರಿ ಹೋಯಿತು. ನನ್ನ ನಾಚಿಕೆಯನ್ನು ಅಪ್ಪನ ಮೇಲಿನ ಸಿಟ್ಟನ್ನಾಗಿ ಮಾಡಿಕೊಂಡು ಅವನೊಡನೆ ಮಾತು ಬಿಟ್ಟೆ. ನಾಲ್ಕು ವರ್ಷದ ಮೇಲೆ ಮೇಷ್ಟ್ರು ಕುರುಗೋಡಿನಲ್ಲಿ ಒಂದು ಕೋಣೆ ಹಿಡಿದು ಪಾಠ ಹೇಳುತ್ತಿದ್ದಾರೆಂದು ಕೇಳಿ ಹುಡುಕಿಕೊಂಡು ಹೋದೆ.

"ನನ್ನ ದೂರಿನಿಂದ ನಿಮ್ಮ ನೌಕರಿ ಹೋತ್ರಿ ಸರ್. ಅಪ್ಪನ ಮುಖಾನೂ ನೋಡವಲ್ಲೆ ನಾನು."

"ನಿನ್ನ ದೂರಿಗೆ ಅಷ್ಟು ತಾಕತ್ತಿಲ್ಲಲೇ," ಎಂದು ನಕ್ಕರು. "ನಿಮ್ಮಪ್ಪ ಅಂಜಿದ್ದ. ಅಂಜಿದವ್ರನ್ನ ಪ್ರೀತಿ ಮಾಡೂದು ಭಾಳ ಕಷ್ಟ. ಆ ಕವಿಗೂ ಅದು ಗೊತ್ತಿತ್ತು, ಆದ್ರ ಅವಗ ಆ ರಾಜರು ಏನಾಗಬೇಕು? ಬರ್ದು ಕೈ ತೊಳಕೊಂಡ. ನೀ ಮಗ. ಸಿರುಗುಪ್ಪದ ಬಸ್ಸು ನಾಕಕ್ಕೈತಿ, ಹೋಗು."

ಹೋದೆ. ಮುಂದೆ ಮೇಷ್ಟ್ರ ಸಾವಿನ ಸುದ್ದಿ ನನಗೆ ತಲುಪಿದ್ದು ಮಣ್ಣು ಮಾಡಿ ಎರಡು ತಿಂಗಳಾದ ಮೇಲೆ. ಅಪ್ಪ ಬದಲಾಗಲಿಲ್ಲ, ತಪ್ಪಾಯಿತೆಂದು ಒಮ್ಮೆಯೂ ಅನ್ನಲಿಲ್ಲ. ಆದರೆ ಅವನು ಇದ್ದಷ್ಟು ದಿನ ನಾವಿಬ್ಬರೂ ಎದುರುಬದುರು ಕೂತು ಉಂಡೆವು. ಆ ಊಟವೆಲ್ಲ ಮೇಷ್ಟ್ರು ಹಾಕಿದ್ದು.