ಮೊದಲಿನ ರುಚಿ

ಇವತ್ತು ಒಂದು ಆಟದ ಸಲುವಾಗಿ ಬೈಸಿಕೊಂಡೆ, ಗೆಳೆಯರೇ. ಅದೂ ಇನ್ನೂ ಬಿಡುಗಡೆಯಾಗದ ಆಟ.

ಅಮೀನಗಡದಲ್ಲಿ ಬಸ್ಸು ನಿಂತಿತ್ತು. ನಾನೂ ಗೆಳೆಯ ಮಲ್ಲುವೂ ಕರಿದ ಅಂಟು, ಬೆಲ್ಲ ಹಾಕಿ ಮಾಡುವ ಕರದಂಟಿನ ಅಂಗಡಿಯ ಮುಂದೆ ನಿಂತು, ಶಾಲೆಯ ದಿನಗಳಿಂದ ಆಡುತ್ತ ಬಂದ ವಿಡಿಯೊ ಗೇಮ್‌ನ ಹೊಸ ಭಾಗದ ಟ್ರೇಲರ್ ನೋಡುತ್ತಿದ್ದೆವು. ನಾವೇ ಒಂದು ಪಾತ್ರವಾಗಿ ಊರೂರು ಅಲೆಯುವ ಆಟ ಅದು.

"ಈ ಸಲ ಚೊಲೊ ಬರತೈತಿ ನೋಡಲೇ," ಎಂದ ಮಲ್ಲು.

"ಏನ್ ಚೊಲೊ? ಹಳೇ ಮಂದಿ ಹೋದ್ರು, ಈಗ ಮಾಡೋರು ಬ್ಯಾರೆ. ಮ್ಯಾಲ ಥಳಕು, ಒಳಗ ಮೊದಲಿನ ರುಚಿ ಇಲ್ಲ. ಬರೇ ಹೆಸರಿನ ಮ್ಯಾಲೆ ಮಾರತಾರ," ಎಂದೆ.

ತಕ್ಕಡಿ ಹಿಡಿದಿದ್ದ ಅಂಗಡಿಯಾತ ಕೆಂಪಗಾದ. ನಾನು ಬೈದದ್ದು ತನ್ನ ಕರದಂಟನ್ನೇ ಎಂದುಕೊಂಡಿದ್ದ.

"ನಮ್ಮಪ್ಪ ತೀರಿಕೊಂಡು ಇನ್ನೂ ವರ್ಷ ಆಗಿಲ್ರಿ. ಕಡಾಯಿ ಮುಂದ ಈಗ ನಾ ನಿಲ್ತೇನಿ. ಮೊದಲು ತಿಂದು ನೋಡ್ರಿ, ಆಮ್ಯಾಲೆ ಹೆಸರಿಡ್ರಿ!"

"ಅಣ್ಣಾರ, ಅದು ಗೇಮಿನ ಮಾತ್ರಿ," ಎಂದು ಮೊಬೈಲು ತೋರಿಸಿದೆ. "ಇನ್ನೂ ಬಂದಿಲ್ಲ."

"ಬರೂಕಿಂತ ಮೊದಲ ರುಚಿ ಇಲ್ಲಂತ ಹೆಂಗ ಗೊತ್ತಾತ್ರಿ?"

ಅರ್ಧ ಕಿಲೊ ಕಟ್ಟಿಸಿಕೊಂಡು ಬಸ್ಸು ಹತ್ತಿದೆವು. ಕಮತಗಿ ದಾಟುವಾಗ ಪೊಟ್ಟಣ ಬಿಚ್ಚಿ ತಿಂದೆವು. ಅವರಪ್ಪ ಮಾಡುತ್ತಿದ್ದುದಕ್ಕಿಂತ ಬೆಲ್ಲ ಹೆಚ್ಚಾಗಿತ್ತು, ಹೆಸರಲ್ಲೇ ಇರುವ ಅಂಟು ಕಡಿಮೆಯಾಗಿತ್ತು. ಮಲ್ಲು ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ನೋಡಿದೆ.

ಮುಂದಿನ ಸಲವೂ ಅದೇ ಅಂಗಡಿಯಲ್ಲಿ ಕೊಳ್ಳುತ್ತೇವೆ. ಆ ಆಟವನ್ನೂ ಕೊಳ್ಳುತ್ತೇವೆ, ಬೈಯುತ್ತಲೇ.