ಬೆಳೆಯಲೊಲ್ಲದ ಕಣಗಳು

ಮೊದಲು ವಸಡಿನಲ್ಲಿ ರಕ್ತ. ಬ್ರಷ್ ಒರಟು ಅಂದುಕೊಂಡೆ. ಆಮೇಲೆ ತೊಡೆಯ ಮೇಲೆ ನೀಲಿ ಕಲೆ. ಐ.ಡಿ.ಹಳ್ಳಿಯ ಅಂಗನವಾಡಿಯಲ್ಲಿ ಮಕ್ಕಳ ನಡುವೆ ಕೆಲಸ ಮಾಡುವವಳು ನಾನು. ಯಾವುದೋ ಮಗು ಒದ್ದಿರಬೇಕು ಎಂದು ಬಿಟ್ಟೆ. ಮಧುಗಿರಿಯಲ್ಲಿ ರಕ್ತ ಪರೀಕ್ಷೆ ನೋಡಿದ ಡಾಕ್ಟರ್, ಇವತ್ತೇ ಬೆಂಗಳೂರಿಗೆ ಹೋಗಿ ಅಂದರು.

ಲುಕೇಮಿಯಾ. ರಕ್ತದ ಕ್ಯಾನ್ಸರ್.

ವಾರ್ಡಿನಲ್ಲಿ ಜೊತೆಗೆ ಉಳಿದವರು ಅತ್ತೆ. ಅಲ್ಲಿನ ಡಾಕ್ಟರ್ ಮೇಡಂ ಬಿಡಿಸಿ ಹೇಳಿದರು. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುವ ಪ್ರತಿ ಕಣಕ್ಕೂ ಸೂಚನೆ ಬರುತ್ತದಂತೆ: ಇಂಥದ್ದಾಗಿ ಬೆಳೆ, ಕೆಲಸ ಮಾಡು, ಮುಗಿದ ಮೇಲೆ ಸಾಯಿ. ನನ್ನ ಬಿಳಿ ಕಣಗಳಲ್ಲಿ ಆ ಸೂಚನೆಗೆ ದಾರಿಯಲ್ಲೇ ತಡೆ ಬಿದ್ದು, ಅವು ಎಳೆಯವಾಗಿಯೇ ಉಳಿದು ತುಂಬಿಕೊಳ್ಳುತ್ತಿದ್ದವು. ಅವರು ಕೊಡುವ ಮಾತ್ರೆ ಆ ತಡೆ ತೆಗೆದು ಅವನ್ನು ಬೆಳೆಸುತ್ತದೆ. ಜೊತೆಗೆ ಡ್ರಿಪ್‌ನಲ್ಲಿ ಆರ್ಸೆನಿಕ್. ಅದು ಪಾಷಾಣವೆಂದು ಅತ್ತೆಗೆ ನಾನು ಹೇಳಲಿಲ್ಲ.

ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿಗೆ ಪಥ್ಯ. ಎಣ್ಣೆ, ತುಪ್ಪ, ಕಡ್ಲೆಕಾಯಿ ಮುಟ್ಟುವಂತಿಲ್ಲ. ಉಪ್ಪು ಹಾಕಿದ ಗಂಜಿಯೇ ಗತಿ. ಅತ್ತೆ ಆಸ್ಪತ್ರೆಯಲ್ಲೂ ಅದನ್ನೇ ನಡೆಸಿದರು. ಊಟದ ಜೊತೆ ಮಾತ್ರೆ ತಗೊಂಡ್ರಾ ಎಂದು ನರ್ಸ್ ಕೇಳಿದರೆ ಹೂಂ ಎನ್ನುತ್ತಿದ್ದೆ. ಪ್ಲೇಟ್‌ಲೆಟ್ ಮಾತ್ರ ಏರಲಿಲ್ಲ. ಒಂದು ಬೆಳಿಗ್ಗೆ ಮೇಡಂ, ಊಟಕ್ಕೆ ಏನು ಎಂದು ಕೇಳಿದರು. ಗಂಜಿ ಅಂದೆ. ತಲೆಯ ಮೇಲೆ ಕೈ ಇಟ್ಟುಕೊಂಡರು.

"ಈ ಮಾತ್ರೆ ಮೈಗೆ ಹತ್ತೋಕೆ ಜಿಡ್ಡು ಬೇಕು ಅಮ್ಮಾ."

ಅತ್ತೆ ಬಿಳಿಚಿಕೊಂಡರು. ನಾನು ರೇಗಿದೆ. ಸಾಯುವ ಭಯವೆಲ್ಲ ಅವರ ಮೇಲೆ ತಿರುಗಿತು.

"ನಾನೇ ನಿನ್ನ ಸಾಯಿಸ್ಬುಡ್ತಿದ್ನಲ್ಲಮ್ಮ" ಅಂದರು ಅತ್ತೆ.

ಸಂಜೆಗೆ ಗಂಡ ತುಪ್ಪದ ಡಬ್ಬಿ ತಂದ. ವಾಕರಿಕೆ ಬಂದರೂ ಅತ್ತೆ ಬಿಡಲಿಲ್ಲ. ತುತ್ತು ತುತ್ತಿಗೂ ತುಪ್ಪ.

ಕೆಲವು ದಿನಕ್ಕೆ ಬಿಳಿ ಕಣಗಳ ಲೆಕ್ಕ ಜಿಗಿಯಿತು. ಕಣಗಳು ಬೆಳೆದು ಹೊರಬರುವಾಗ ಹಾಗಾಗುತ್ತದೆ ಎಂದರು ಮೇಡಂ. ನಂಬಿದೆನೋ, ಬೇರೆ ದಾರಿಯಿಲ್ಲದೆ ಸುಮ್ಮನಾದೆನೋ. ಮಲಗಲೂ ಆಗದೆ, ಕೂರಲೂ ಆಗದೆ, ಡ್ರಿಪ್ ಸ್ಟ್ಯಾಂಡ್ ಎಳೆದುಕೊಂಡು ಕಿಟಕಿಗೂ ಬಾಗಿಲಿಗೂ ಅಲೆದೆ. ಬೆಳೆಯಿರಿ, ಬೇಗ ಬೆಳೆಯಿರಿ ಎಂದು ನನ್ನ ರಕ್ತವನ್ನೇ ಗದರಿಸುತ್ತಿದ್ದೆ.

ಮಜ್ಜೆಯ ರಿಪೋರ್ಟ್ ಬಂದ ದಿನ, ಮೇಡಂ ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿಬಿಟ್ಟರು.

"ಬೆಳೆದ್ವಾ ತಾಯಿ?"

"ಬೆಳೆದಿವೆ. ಸದ್ಯಕ್ಕೆ ಎಳೆ ಕಣ ಕಾಣ್ತಿಲ್ಲ."

ಸದ್ಯಕ್ಕೆ ಎಂಬ ಮಾತು ನನಗೆ ಚುಚ್ಚಿತು. ಮನೆಗೆ ಬಂದ ಮೇಲೂ ಚುಚ್ಚುತ್ತಿದೆ. ಮಾತ್ರೆ ಇನ್ನೂ ನಡೆಯುತ್ತಿದೆ, ಮುಂದಿನ ಟೆಸ್ಟ್ ಬಾಕಿ. ಅತ್ತೆಗೆ ಅವತ್ತು ಆ ಮಾತು ಕೇಳಿಸಲೇ ಇಲ್ಲ. ಕಾರಿಡಾರಿನ ನೆಲದ ಮೇಲೆ ಕುಸಿದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ನಾನೂ ಪಕ್ಕದಲ್ಲಿ ಕೂತೆ. ಬದುಕಿದ್ದೇನೆ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗಲೇ.